ಓದುಗರ ಪ್ರಶ್ನೋತ್ತರ: ಮಹಿಳೆಯರ ಶ್ವಾಸಕೋಶ ತಪಾಸಣೆಗೆ ಮೊಬೈಲು ಎಷ್ಟು ನೆರವಾದೀತು?

ಶ್ವಾಸಕೋಶದ ಕ್ಯಾನ್ಸರ್ ಗಂಡಸರ ಕಾಯಿಲೆ ಎಂಬ ಹಳೆಯ ನಂಬಿಕೆಯಿಂದಾಗಿ ಅನೇಕ ಮಹಿಳೆಯರು ತಪಾಸಣೆಯ ಆಚೆಗೇ ಉಳಿದುಬಿಡುತ್ತಾರೆ. ಮೊಬೈಲ್ ಸಂದೇಶ, ಆನ್‌ಲೈನ್ ಪ್ರಶ್ನಾವಳಿ, ಆ್ಯಪ್‌ಗಳಂಥ ಸಾಧನಗಳನ್ನು ವಿವೇಕದಿಂದ ಬಳಸಿದರೆ ಅವರನ್ನು ತಲುಪಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಖಾಸಗಿ ಸಂಗತಿಗಳು ಇರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸ್ತನ ತಪಾಸಣೆಯ ಸಮಯ ಬಂದಿದೆಯೆಂದು ಮಹಿಳೆಯರ ಮೊಬೈಲಿಗೆ ನಮ್ಮ ಸಂಸ್ಥೆ ನೆನಪಿನ ಸಂದೇಶ ಕಳಿಸುತ್ತದೆ. ಅದೇ ಪಟ್ಟಿಯಲ್ಲಿರುವ ಎಲ್ಲರಿಗೂ ಶ್ವಾಸಕೋಶದ ತಪಾಸಣೆಯ ಸಂದೇಶವನ್ನೂ ಕಳಿಸಿಬಿಟ್ಟರೆ ಕೆಲಸ ಸುಲಭವಾಗುವುದಿಲ್ಲವೇ?

ಉತ್ತರ: ಸುಲಭವೇನೋ ಆಗುತ್ತದೆ, ಆದರೆ ಸರಿಯಾಗುವುದಿಲ್ಲ. ಸ್ತನದ ತಪಾಸಣೆಗೆ ವಯಸ್ಸೊಂದನ್ನೇ ನೋಡಿ ಕರೆಯಬಹುದು. ಶ್ವಾಸಕೋಶದ ತಪಾಸಣೆ ಹಾಗಲ್ಲ. ಯಾರಿಗೆ ಅಪಾಯ ಹೆಚ್ಚೋ ಅವರಿಗೆ ಮಾತ್ರ ಅದರ ಲಾಭವು ಹಾನಿಯನ್ನು ಮೀರುತ್ತದೆ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗದಲ್ಲಿ, ಬಹಳ ವರ್ಷ ಸಿಗರೇಟು ಸೇದಿದ್ದ, 55ರಿಂದ 74 ವಯಸ್ಸಿನ 53,454 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ ಅರ್ಧ ಜನರಿಗೆ ವರ್ಷಕ್ಕೊಂದರಂತೆ ಮೂರು ಬಾರಿ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಲಾಯಿತು, ಉಳಿದವರಿಗೆ ಎದೆಯ ಎಕ್ಸ್‌ರೇ. ಸ್ಕ್ಯಾನ್ ಆದ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಆದ ಸಾವು ಶೇ. 20ರಷ್ಟು ಕಡಿಮೆ ಇತ್ತು. ಆದರೆ ಅದೇ ಅಧ್ಯಯನದಲ್ಲಿ, ಸ್ಕ್ಯಾನ್ ನೋಡಿ ಅನುಮಾನಪಟ್ಟ ಫಲಿತಾಂಶಗಳಲ್ಲಿ ಶೇ. 96ಕ್ಕೂ ಹೆಚ್ಚಿನವು ಕೊನೆಗೆ ಕ್ಯಾನ್ಸರ್ ಅಲ್ಲವೆಂದು ಗೊತ್ತಾಯಿತು. ಅಪಾಯವೇ ಕಡಿಮೆಯಿರುವ ಮಹಿಳೆಯರನ್ನು ಗುಂಪುಗುಂಪಾಗಿ ಕರೆದರೆ, ಉಳಿಯುವ ಪ್ರಾಣಗಳ ಸಂಖ್ಯೆ ತಗ್ಗಿ, ಈ ವೃಥಾ ಆತಂಕದ ಪಾಲೇ ಹಿಗ್ಗುತ್ತದೆ.

ಆದ್ದರಿಂದ ನಿಮ್ಮ ಪಟ್ಟಿಗೆ ಮೊದಲು ಹೋಗಬೇಕಾದದ್ದು ಆಹ್ವಾನವಲ್ಲ, ಪ್ರಶ್ನೆ. ವಯಸ್ಸೆಷ್ಟು, ಎಂದಾದರೂ ಸಿಗರೇಟು ಸೇದಿದ್ದುಂಟೇ, ದಿನಕ್ಕೆಷ್ಟು, ಎಷ್ಟು ವರ್ಷ, ಬಿಟ್ಟು ಎಷ್ಟು ಕಾಲವಾಯಿತು, ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿತ್ತೇ ಎಂಬಷ್ಟನ್ನು ಕೇಳಿ ಜರಡಿ ಹಿಡಿಯುವ ಕೆಲಸವನ್ನು ಮೊಬೈಲು ಚೆನ್ನಾಗಿಯೇ ಮಾಡುತ್ತದೆ.

ಹಾಗೆಂದು ನಿಮ್ಮ ಯೋಚನೆಯನ್ನು ಕೈಬಿಡಬೇಡಿ, ಅದರ ತಿರುಳು ಒಳ್ಳೆಯದೇ. ಮ್ಯಾಮೊಗ್ರಾಮಿಗೆ, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆಗೆ, ಬರುವ ಮಹಿಳೆ ಆಗಲೇ ತಪಾಸಣೆಗೆ ಮನಸ್ಸು ಕೊಟ್ಟವಳು. ರೋಗದ ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಏಕೆ ಎಂಬುದನ್ನು ಅವಳಿಗೆ ಹೊಸದಾಗಿ ವಿವರಿಸಬೇಕಿಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ಮಹಿಳೆಯರಲ್ಲಿ ಕ್ಯಾನ್ಸರ್ ಸಾವುಗಳಿಗೆ ಸ್ತನದ ಕ್ಯಾನ್ಸರ್ ಮೊದಲ ಕಾರಣವಾದರೆ ಶ್ವಾಸಕೋಶದ್ದು ಎರಡನೆಯದು, ಮತ್ತು ಈ ಎರಡನೆಯ ಸಂಖ್ಯೆ ಐದೂಮುಕ್ಕಾಲು ಲಕ್ಷವನ್ನು ದಾಟಿದೆ. ಅಮೆರಿಕದಲ್ಲಂತೂ 1987ರಿಂದ ಸ್ತನದ ಕ್ಯಾನ್ಸರ್‌ಗಿಂತ ಹೆಚ್ಚು ಮಹಿಳೆಯರು ಶ್ವಾಸಕೋಶದ ಕ್ಯಾನ್ಸರ್‌ನಿಂದಲೇ ಸಾಯುತ್ತಿದ್ದಾರೆ. ಒಂದು ಪರೀಕ್ಷೆಗೆ ಬಂದವಳನ್ನು ಇನ್ನೊಂದರ ಬಗ್ಗೆ ಕೇಳದೆ ಕಳಿಸುವುದು, ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಹಿಂದೆ ಕಳಿಸಿದಂತೆ. ಸ್ತನ ತಪಾಸಣೆಯ ಸಮಯ ಖಚಿತಪಡಿಸುವ ಸಂದೇಶದ ಜೊತೆಗೇ ಪ್ರಶ್ನಾವಳಿಯ ಕೊಂಡಿಯನ್ನು ಕಳಿಸಿ. ತುಂಬದೆ ಬಂದವರಿಗೆ ಕಾಯುವ ಕೋಣೆಯಲ್ಲಿ ಒಂದು ಟ್ಯಾಬ್ಲೆಟ್ ಕೈಗೆ ಕೊಡಿ.

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಮನೆಯವರ ಕಣ್ಣು ತಪ್ಪಿಸಿ ಮೂವತ್ತು ವರ್ಷ ಸಿಗರೇಟು ಸೇದಿ, ಎಂಟು ವರ್ಷದ ಹಿಂದೆ ಬಿಟ್ಟರು. ಈ ವಿಷಯ ಗೊತ್ತಿರುವುದು ನನಗೊಬ್ಬಳಿಗೇ. ಆಸ್ಪತ್ರೆಯಿಂದ ಬಂದ ಆನ್‌ಲೈನ್ ಪ್ರಶ್ನಾವಳಿಯಲ್ಲಿ 'ಎಂದೂ ಸೇದಿಲ್ಲ' ಎಂದು ಒತ್ತಿಬಿಟ್ಟಿದ್ದಾರೆ. ಅವರ ಫೋನು ಮನೆಯವರೆಲ್ಲರ ಕೈಯಲ್ಲೂ ಓಡಾಡುತ್ತಿರುತ್ತದೆ. ಅವರಿಗೆ ತಿಳಿಸದೆ ನಾನೇ ಸರಿಯಾದ ಉತ್ತರ ತುಂಬಿ ಕಳಿಸಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಗುಟ್ಟು ತಾಯಿಯವರದು, ದೇಹವೂ ಅವರದೇ. ಅವರ ಒಪ್ಪಿಗೆಯಿಲ್ಲದೆ ನೀವು ತುಂಬಿದರೆ, ನಾಳೆ ಆಸ್ಪತ್ರೆಯಿಂದ ಕರೆ ಬಂದ ಗಳಿಗೆಯಲ್ಲಿ ಅವರು ಎಲ್ಲರೆದುರು ಅದನ್ನು ಅಲ್ಲಗಳೆಯಬೇಕಾಗುತ್ತದೆ. ಹಾಗೆ ಒಮ್ಮೆ ಅಲ್ಲಗಳೆದವರು ಮತ್ತೆ ತಪಾಸಣೆಯ ಕಡೆ ಮುಖ ಹಾಕುವುದು ಕಷ್ಟ.

ನಿಮ್ಮ ಪತ್ರ ಓದುವಾಗ ನನಗೆ ಒಂದು ದೃಶ್ಯ ನೆನಪಾಯಿತು. ಕಾಯುವ ಕೋಣೆಯಲ್ಲಿ ಅರವತ್ತರ ಆಸುಪಾಸಿನ ಮಹಿಳೆಯೊಬ್ಬರು ಟ್ಯಾಬ್ಲೆಟ್ಟಿನಲ್ಲಿ ಪ್ರಶ್ನಾವಳಿ ತುಂಬುತ್ತಿದ್ದರು. ವಯಸ್ಸು, ಎತ್ತರ, ತೂಕ ಎಲ್ಲವನ್ನೂ ಚಕಚಕನೆ ತುಂಬಿದ ಬೆರಳು ನಾಲ್ಕನೆಯ ಪ್ರಶ್ನೆಗೆ ಬಂದು ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಸೊಸೆ ಸಹಾಯ ಮಾಡುವ ಸದುದ್ದೇಶದಿಂದಲೇ ಪರದೆಯ ಕಡೆ ಬಗ್ಗಿದಳು. ಅತ್ತೆ 'ಇಲ್ಲ' ಎಂಬುದನ್ನು ಒತ್ತಿದರು. ಅರ್ಧ ಗಂಟೆಯ ನಂತರ, ಒಳಗೆ ದಾದಿಯೊಬ್ಬರೇ ಇದ್ದಾಗ, 'ಅಲ್ಲೊಂದು ತಪ್ಪು ಒತ್ತಿದ್ದೇನೆ, ಬದಲಾಯಿಸಬಹುದೇ?' ಎಂದು ಕೇಳಿದರು. ಆ ಪ್ರಶ್ನಾವಳಿಯಲ್ಲಿ ಉತ್ತರ ಬದಲಾಯಿಸಲು ದಾರಿಯೇ ಇರಲಿಲ್ಲ; ದಾದಿ ಕಾಗದದ ಮೇಲೆ ಬರೆದುಕೊಂಡರು. ಸಾಧನ ಸೋತ ಜಾಗದಲ್ಲಿ ಮನುಷ್ಯರು ಕೈಹಿಡಿದರು ಎಂಬುದಕ್ಕಿಂತ, ಆ ಸಾಧನವನ್ನು ರೂಪಿಸಿದವರು ಸೊಸೆ ಪಕ್ಕದಲ್ಲಿ ಕೂತಿರಬಹುದು ಎಂಬುದನ್ನು ಯೋಚಿಸಿಯೇ ಇರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು.

ಸಿಗರೇಟು ಸೇದುವ ಹೆಂಗಸಿನ ಮೇಲೆ ಬೀಳುವ ದೃಷ್ಟಿ ಗಂಡಸಿನ ಮೇಲೆ ಬೀಳುವುದಕ್ಕಿಂತ ಕಟುವಾದದ್ದು. ಕಾಯಿಲೆ ಬಂದರೆ 'ಮಾಡಿದ್ದುಣ್ಣೋ' ಎಂದುಬಿಡುತ್ತಾರೆಂಬ ಅಂಜಿಕೆಯೂ ಅದಕ್ಕೆ ಸೇರುತ್ತದೆ. ಎದುರಿಗೆ ಮುಖವಿಲ್ಲದ ಪರದೆಗೆ ನಿಜ ಹೇಳುವುದು ಸುಲಭ ಎಂಬುದು ಡಿಜಿಟಲ್ ಪ್ರಶ್ನಾವಳಿಗಳ ದೊಡ್ಡ ಗುಣ. ಆದರೆ ಆ ಪರದೆ ಅವಳೊಬ್ಬಳದೇ ಆಗಿದ್ದರೆ ಮಾತ್ರ ಆ ಗುಣಕ್ಕೆ ಬೆಲೆ. ಹಲವರು ಬಳಸುವ ಫೋನಿಗೆ ಸಂದೇಶ ಕಳಿಸುವವರು, ಬೀಗ ಹಾಕಿದ ಪರದೆಯ ಮೇಲೆ ಮೂಡುವ ಮೊದಲ ಸಾಲಿನಲ್ಲಿ ಕ್ಯಾನ್ಸರ್ ಎಂದಾಗಲಿ ಸಿಗರೇಟು ಎಂದಾಗಲಿ ಬರೆಯಬಾರದು. ಕೊಂಡಿ ತೆರೆಯಲು ಹುಟ್ಟಿದ ದಿನಾಂಕದಂಥ ಒಂದು ಗುರುತನ್ನು ಕೇಳಬೇಕು, ತುಂಬಿದ ಉತ್ತರಗಳು ಫೋನಿನಲ್ಲಿ ಉಳಿಯಬಾರದು, ಉತ್ತರವನ್ನು ಆಮೇಲೆ ತಿದ್ದಲು ಅವಕಾಶವಿರಬೇಕು, ಯಾವ ಹೊತ್ತಿಗೆ ಕರೆ ಮಾಡಿದರೆ ಒಬ್ಬರೇ ಇರುತ್ತೀರಿ ಎಂಬ ಪ್ರಶ್ನೆಯೂ ಇರಬೇಕು.

ಪ್ರಶ್ನೆ ಕೇಳುವ ಬಗೆಯೂ ಮುಖ್ಯ. 'ನೀವು ಧೂಮಪಾನಿಯೇ?' ಎಂದರೆ, ಬಿಟ್ಟು ಎಂಟು ವರ್ಷವಾದ ನಿಮ್ಮ ತಾಯಿಯವರು 'ಅಲ್ಲ' ಎನ್ನುವುದರಲ್ಲಿ ಸುಳ್ಳೇನೂ ಇಲ್ಲ. ಆರೋಗ್ಯ ಸಮೀಕ್ಷೆಗಳು ಇದಕ್ಕಾಗಿಯೇ 'ಜೀವಮಾನದಲ್ಲಿ ಒಟ್ಟು 100 ಸಿಗರೇಟಾದರೂ ಸೇದಿದ್ದೀರಾ?' ಎಂದು ಕೇಳುತ್ತವೆ. ಇದರಲ್ಲಿ ಹಣೆಪಟ್ಟಿ ಇಲ್ಲ, ಲೆಕ್ಕ ಮಾತ್ರ ಇದೆ.

ತಾಯಿಯವರ ಜೊತೆ ನೀವಿಬ್ಬರೇ ಇರುವಾಗ ಮಾತಾಡಿ. ಬೇಕಾದರೆ ನಿಮ್ಮ ಫೋನಿನಿಂದಲೇ, ಅವರೇ ಒತ್ತುವಂತೆ, ಪ್ರಶ್ನಾವಳಿಯನ್ನು ಮತ್ತೊಮ್ಮೆ ತೆರೆದು ಕೊಡಿ. ಅವರು ಬೇಡವೆಂದರೆ ಅಂದಿಗೆ ಅಷ್ಟಕ್ಕೇ ಬಿಡಿ. ವೈದ್ಯರನ್ನು ನೇರವಾಗಿ ಕಂಡು ಹೇಳುವುದೇ ಅವರಿಗೆ ಹಗುರವೆನಿಸಿದರೆ ಆನ್‌ಲೈನ್ ದಾರಿಯನ್ನೇ ಹಿಡಿಯಬೇಕೆಂದೇನಿಲ್ಲ.

ಪ್ರಶ್ನೆ: ನನಗೆ 58. ದಿನಕ್ಕೆ ಸುಮಾರು ಆರರಂತೆ 35 ವರ್ಷ ಸಿಗರೇಟು ಸೇದಿ, ಮೂರು ವರ್ಷದ ಹಿಂದೆ ನಿಲ್ಲಿಸಿದೆ. ಒಂದು ಆ್ಯಪ್ ನನ್ನ ವಿವರಗಳನ್ನೆಲ್ಲ ಪಡೆದು 'ನಿಮಗೆ ತಪಾಸಣೆ ಅಗತ್ಯವಿಲ್ಲ' ಎಂದು ತೋರಿಸಿ ಮುಚ್ಚಿಕೊಂಡಿತು. 35 ವರ್ಷ ಸೇದಿದವಳಿಗೆ ಅಗತ್ಯವಿಲ್ಲವೆಂದರೆ ಇನ್ನಾರಿಗೆ ಅಗತ್ಯ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆ್ಯಪ್ ಮಾಡಿದ ಲೆಕ್ಕ ತಪ್ಪಲ್ಲ, ಅದು ಹೇಳಿದ ಮಾತು ತಪ್ಪು.

ಲೆಕ್ಕ ಹೀಗಿದೆ. ದಿನಕ್ಕೆ ಒಂದು ಪ್ಯಾಕ್, ಅಂದರೆ 20 ಸಿಗರೇಟು, ಒಂದು ವರ್ಷ ಸೇದಿದರೆ ಅದನ್ನು ಒಂದು 'ಪ್ಯಾಕ್-ವರ್ಷ' ಎನ್ನುತ್ತಾರೆ. ನಿಮ್ಮ ಆರು ಸಿಗರೇಟೆಂದರೆ ಪ್ಯಾಕಿನ ಹತ್ತರಲ್ಲಿ ಮೂರು ಪಾಲು. ಅದನ್ನು 35ರಿಂದ ಗುಣಿಸಿದರೆ ಹತ್ತೂವರೆ ಪ್ಯಾಕ್-ವರ್ಷ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆಯ ಈಗಿನ ಶಿಫಾರಸು 50ರಿಂದ 80 ವಯಸ್ಸಿನ, ಕನಿಷ್ಠ 20 ಪ್ಯಾಕ್-ವರ್ಷ ಸೇದಿದ, ಈಗಲೂ ಸೇದುತ್ತಿರುವ ಅಥವಾ ಬಿಟ್ಟು 15 ವರ್ಷ ಮೀರದವರಿಗೆ ಅನ್ವಯಿಸುತ್ತದೆ. ಆ ಗೆರೆಯಿಂದ ನೀವು ಹೊರಗೆ ಬಿದ್ದಿರಿ. 2013ರಲ್ಲಿ ಇದೇ ಕಾರ್ಯಪಡೆ ಎಳೆದಿದ್ದ ಗೆರೆ ಇನ್ನೂ ಬಿಗಿಯಾಗಿತ್ತು: ವಯಸ್ಸು 55 ಆಗಿರಬೇಕು, 30 ಪ್ಯಾಕ್-ವರ್ಷ ತುಂಬಿರಬೇಕು. ಮಹಿಳೆಯರು ಸಾಮಾನ್ಯವಾಗಿ ದಿನಕ್ಕೆ ಕಡಿಮೆ ಸಿಗರೇಟು ಸೇದುತ್ತಾರಾದ್ದರಿಂದ ಅಪಾಯ ಗಣನೀಯವಾಗಿದ್ದವರೂ ಹೊರಗುಳಿಯುತ್ತಿದ್ದರು. 2021ರಲ್ಲಿ ಅದನ್ನು ಸಡಿಲಿಸಿದ ಮೇಲೆ ಹೆಚ್ಚು ಮಹಿಳೆಯರು ಒಳಗೆ ಬಂದರು. 2023ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ, ಬಿಟ್ಟು ಎಷ್ಟು ವರ್ಷವಾಯಿತೆಂಬ ಷರತ್ತನ್ನೇ ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು. ಹೀಗೆ ಗೆರೆ ಕಾಲಕಾಲಕ್ಕೆ ಸರಿಯುತ್ತಿರುವಾಗ, ಒಂದು ಆ್ಯಪ್ ಶಾಶ್ವತ ತೀರ್ಪಿನ ಧಾಟಿಯಲ್ಲಿ 'ಅಗತ್ಯವಿಲ್ಲ' ಎನ್ನುವುದು ಉದ್ಧಟತನ.

ಪ್ಯಾಕ್-ವರ್ಷದ ಲೆಕ್ಕದಲ್ಲಿ ಇನ್ನೊಂದು ದೋಷವಿದೆ. ದಿನಕ್ಕೆ ಎಷ್ಟು ಎಂಬುದನ್ನೂ ಎಷ್ಟು ವರ್ಷ ಎಂಬುದನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ನಿಜದಲ್ಲಿ ಸೇದಿದ ವರ್ಷಗಳ ಉದ್ದವೇ ಕ್ಯಾನ್ಸರ್ ಅಪಾಯವನ್ನು ಹೆಚ್ಚು ಏರಿಸುತ್ತದೆ. ಇದನ್ನು ಸರಿದೂಗಿಸಲೆಂದೇ ಅಪಾಯವನ್ನು ಅಂದಾಜು ಮಾಡುವ ಗಣಕ ಮಾದರಿಗಳು ಬಂದಿವೆ. ಪಿಎಲ್‌ಸಿಒಎಂ2012 ಎಂಬ ಮಾದರಿ ವಯಸ್ಸು, ವಿದ್ಯಾಭ್ಯಾಸ, ತೂಕ-ಎತ್ತರದ ಅನುಪಾತ, ಸಿಒಪಿಡಿಯಂಥ ಶ್ವಾಸಕೋಶದ ಕಾಯಿಲೆ, ಹಿಂದೆ ಕ್ಯಾನ್ಸರ್ ಬಂದಿತ್ತೇ ಎಂಬುದು, ಕುಟುಂಬದ ಚರಿತ್ರೆ, ಸೇದಿದ ಪ್ರಮಾಣ ಮತ್ತು ಅವಧಿ ಎಲ್ಲವನ್ನೂ ಸೇರಿಸಿ ಮುಂದಿನ ಆರು ವರ್ಷಗಳ ಅಪಾಯವನ್ನು ಶೇಕಡಾವಾರು ಲೆಕ್ಕದಲ್ಲಿ ಕೊಡುತ್ತದೆ. ಇಂಗ್ಲೆಂಡಿನ ತಪಾಸಣಾ ಕಾರ್ಯಕ್ರಮದಲ್ಲಿ 55ರಿಂದ 74 ವಯಸ್ಸಿನ, ಎಂದಾದರೂ ಧೂಮಪಾನ ಮಾಡಿದವರನ್ನೆಲ್ಲ ಮೊದಲು ಮಾತಾಡಿಸಿ, ಇಂಥ ಮಾದರಿಗಳ ಆಧಾರದ ಮೇಲೆಯೇ ಸ್ಕ್ಯಾನಿಗೆ ಕಳಿಸುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು: ಆ್ಯಪ್ ತೋರಿಸಿದ ಪುಟವನ್ನೂ ಮೇಲಿನ ವಿವರಗಳನ್ನೂ ವೈದ್ಯರ ಮುಂದಿಟ್ಟು, ನಿಮ್ಮ ಒಟ್ಟು ಅಪಾಯವನ್ನು ಮಾದರಿಯೊಂದರಲ್ಲಿ ಲೆಕ್ಕ ಹಾಕಲು ಕೇಳಿ. ಸ್ಕ್ಯಾನ್ ಬೇಡವೆಂದೇ ಅಲ್ಲೂ ತೀರ್ಮಾನವಾಗಬಹುದು. ಆದರೆ ಅದು ನಿಮ್ಮೊಡನೆ ಕೂತು ಮಾಡಿದ ತೀರ್ಮಾನವಾಗಿರುತ್ತದೆ. ಆ್ಯಪ್ ಮಾಡುವವರಿಗೂ ಒಂದು ಮಾತು: 'ಈ ಮಾನದಂಡದ ಪ್ರಕಾರ ಈಗ ನಿಮ್ಮನ್ನು ಕರೆಯುವುದಿಲ್ಲ, ಆದರೆ ಅಪಾಯ ಇಲ್ಲವೆಂದಲ್ಲ, ಕೆಮ್ಮಿನಲ್ಲಿ ರಕ್ತ, ವಾರಗಟ್ಟಲೆ ಹೋಗದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕೂಡಲೇ ವೈದ್ಯರನ್ನು ನೋಡಿ' ಎಂದು ಬರೆಯಲು ಎರಡು ಸಾಲು ಹೆಚ್ಚು ಬೇಕು, ಅಷ್ಟೆ.

ಪ್ರಶ್ನೆ: ಸ್ಕ್ಯಾನಿನ ವಿಕಿರಣದಿಂದಲೇ ಕ್ಯಾನ್ಸರ್ ಬರುವುದಿಲ್ಲವೇ?

ಉತ್ತರ: ತಪಾಸಣೆಗೆ ಬಳಸುವ ಕಡಿಮೆ ಪ್ರಮಾಣದ ಸ್ಕ್ಯಾನಿನಲ್ಲಿ ದೇಹಕ್ಕೆ ತಗಲುವ ವಿಕಿರಣ ಸುಮಾರು ಒಂದೂವರೆ ಮಿಲಿಸೀವರ್ಟ್ (ವಿಕಿರಣದ ಅಳತೆ) ಅಥವಾ ಇನ್ನೂ ಕಡಿಮೆ; ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಒಂದು ವರ್ಷದಲ್ಲಿ ಸಹಜವಾಗಿ ತಗಲುವುದು ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ವಿಕಿರಣದ ಅಪಾಯ ಸೊನ್ನೆಯಲ್ಲ, ಆದರೆ ಕ್ಯಾನ್ಸರಿನ ಅಪಾಯ ಹೆಚ್ಚಿರುವ ಮಹಿಳೆಗೆ ಲಾಭವೇ ಮಿಗಿಲು. ಅಪಾಯ ಕಡಿಮೆಯಿರುವವರು ಸುಮ್ಮನೆ ಮಾಡಿಸಿಕೊಳ್ಳಬಾರದು ಎಂಬುದಕ್ಕೆ ಇದೂ ಒಂದು ಕಾರಣ. ಅಂದಹಾಗೆ, ಚುಚ್ಚುಮದ್ದಿಲ್ಲ, ಬಟ್ಟೆ ಪೂರ್ತಿ ಕಳಚಬೇಕಿಲ್ಲ, ಕೆಲವೇ ಸೆಕೆಂಡು ಉಸಿರು ಹಿಡಿದರೆ ಸಾಕು. ಆಹ್ವಾನದ ಸಂದೇಶಗಳಲ್ಲಿ ಈ ಮಾತನ್ನು ಏಕೆ ಬರೆಯುವುದಿಲ್ಲವೋ ಕಾಣೆ.

ಪ್ರಶ್ನೆ: ನಾನು ಎಂದೂ ಸಿಗರೇಟು ಮುಟ್ಟಿದವಳಲ್ಲ. ವಯಸ್ಸು 46. ಯಜಮಾನರು ಮನೆಯಲ್ಲೇ ಸೇದುತ್ತಾರೆ. ಚಿಕ್ಕಂದಿನಲ್ಲಿ ಅಡುಗೆಮನೆಯ ಹೊಗೆಯನ್ನೂ ಕುಡಿದಿದ್ದೇನೆ. 'ಸೇದದ ಮಹಿಳೆಯರಿಗೂ ಶ್ವಾಸಕೋಶದ ಕ್ಯಾನ್ಸರ್! ಇಂದೇ ಸ್ಕ್ಯಾನ್ ಕಾಯ್ದಿರಿಸಿ' ಎಂಬ ಜಾಹೀರಾತು ನನ್ನ ಫೋನಿನಲ್ಲಿ ಮತ್ತೆಮತ್ತೆ ಬರುತ್ತಿದೆ. ಮಾಡಿಸಿಕೊಳ್ಳಲೇ?

ಉತ್ತರ: ಜಾಹೀರಾತಿನ ಮೊದಲ ವಾಕ್ಯ ನಿಜ. ಸೇದದವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಗಂಡಸರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುತ್ತದೆ; ಅದರಲ್ಲಿ ಬಹುಪಾಲು ಅಡಿನೊಕಾರ್ಸಿನೋಮ ಎಂಬ ಬಗೆಯದು. ಪಕ್ಕದವರ ಸಿಗರೇಟಿನ ಹೊಗೆಯೂ ಮನೆಯೊಳಗೆ ಕಲ್ಲಿದ್ದಲು ಉರಿಸುವ ಹೊಗೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಶ್ಚಯವಾಗಿ ಹೇಳಿದೆ. ಸೌದೆಯಂಥ ಉರುವಲಿನ ಹೊಗೆಯನ್ನು ಕ್ಯಾನ್ಸರ್‌ಕಾರಕ ಆಗಿರುವ ಸಂಭವ ಇರುವಂಥದ್ದರ ಪಟ್ಟಿಗೆ ಸೇರಿಸಿದೆ.

ಎರಡನೆಯ ವಾಕ್ಯದ ಬಗ್ಗೆ ಮಾತ್ರ ನನಗೆ ತಕರಾರಿದೆ. ತೈವಾನಿನಲ್ಲಿ ಸೇದದವರನ್ನೇ, ಆದರೆ ಕುಟುಂಬದಲ್ಲಿ ಈ ಕಾಯಿಲೆ ಬಂದಿರುವುದು, ಅಡುಗೆಯ ಹೊಗೆ, ಪರರ ಸಿಗರೇಟಿನ ಹೊಗೆಯಂಥ ಯಾವುದಾದರೂ ಅಪಾಯವಿದ್ದ 12,011 ಮಂದಿಯನ್ನು ಸ್ಕ್ಯಾನ್ ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ ಶೇ. 2.6ರಷ್ಟು ಮಂದಿಗೆ ಕ್ಯಾನ್ಸರ್ ಕಂಡುಬಂತು. ಕುಟುಂಬದಲ್ಲಿ ಕಾಯಿಲೆ ಇದ್ದವರನ್ನು ಆ ದೇಶ 2022ರಿಂದ ತನ್ನ ರಾಷ್ಟ್ರೀಯ ಕಾರ್ಯಕ್ರಮಕ್ಕೂ ಸೇರಿಸಿಕೊಂಡಿದೆ. ಆದರೆ ಆ ಅಧ್ಯಯನದಲ್ಲಿ ಸ್ಕ್ಯಾನ್ ಮಾಡದ ಹೋಲಿಕೆಯ ಗುಂಪು ಇರಲಿಲ್ಲವಾದ್ದರಿಂದ, ಸ್ಕ್ಯಾನಿನಿಂದ ಸಾವು ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅದೇ ದೇಶದ ಮಹಿಳೆಯರ ಅಂಕಿಅಂಶಗಳನ್ನು 2004ರಿಂದ 2018ರವರೆಗೆ ನೋಡಿದ ಇನ್ನೊಂದು ವಿಶ್ಲೇಷಣೆಯಲ್ಲಿ, ಮೊದಲ ಹಂತದಲ್ಲೇ ಪತ್ತೆಯಾದ ಕ್ಯಾನ್ಸರ್‌ಗಳ ದರ ಸುಮಾರು ಆರು ಪಟ್ಟು ಏರಿದರೂ, ಕೊನೆಯ ಹಂತದಲ್ಲಿ ಪತ್ತೆಯಾಗುವವುಗಳ ದರ ಇಳಿದಿರಲಿಲ್ಲ. ಬಿಟ್ಟಿದ್ದರೆ ಬದುಕಿಡೀ ತೊಂದರೆ ಕೊಡದಿದ್ದ ಗಂಟುಗಳನ್ನೂ ಹುಡುಕಿ ಕತ್ತರಿಸಿದಂತಾಯಿತು ಎಂಬ ಶಂಕೆಗೆ ಇದು ಎಡೆಗೊಡುತ್ತದೆ.

ನಿಮ್ಮ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ, ಆಗ ಮಾತೇ ಬೇರೆ. ಇಲ್ಲದಿದ್ದರೆ ಆ ಜಾಹೀರಾತಿನ ಗುಂಡಿ ಒತ್ತಬೇಡಿ. ಒತ್ತಬೇಕಾದ ಗುಂಡಿ ಬೇರೊಂದಿದೆ: ಸಿಗರೇಟು ಬಿಡಲು ನೆರವಾಗುವ ಸಂದೇಶ ಸೇವೆಗೆ ಯಜಮಾನರ ಹೆಸರನ್ನು, ಅವರ ಒಪ್ಪಿಗೆ ಪಡೆದೇ, ನೋಂದಾಯಿಸುವುದು. ಬಹಳ ವರ್ಷ ಸೇದಿದ್ದರೆ ತಪಾಸಣೆಗೆ ಅರ್ಹರು ಅವರೇ ಇರಬಹುದು.

ಪ್ರಶ್ನೆ: ಫೋನಿಗೆ ಕೆಮ್ಮಿ ಕೇಳಿಸಿದರೆ ಕೃತಕ ಬುದ್ಧಿಮತ್ತೆಯ ಆ್ಯಪ್ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುತ್ತದಂತೆ, ಹೌದೇ?

ಉತ್ತರ: ಅದನ್ನು ನಂಬಿ ಕೂರಬೇಡಿ. ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಗೆ ಪ್ರಮುಖ ಮಾರ್ಗಸೂಚಿಗಳು ಶಿಫಾರಸು ಮಾಡುವುದು ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಒಂದನ್ನೇ, ಎದೆಯ ಎಕ್ಸ್‌ರೇಯನ್ನೂ ಅವು ಒಪ್ಪುವುದಿಲ್ಲ. ಕೃತಕ ಬುದ್ಧಿಮತ್ತೆಯ ಉಪಯೋಗ ಬರುವುದು ಸ್ಕ್ಯಾನ್ ಆದ ಮೇಲೆ, ಅದನ್ನು ಓದುವ ತಜ್ಞರಿಗೆ ನೆರವಾಗುವುದರಲ್ಲಿ. ಇನ್ನು ಕೆಮ್ಮು ನಿಜವಾಗಿಯೂ ಇದ್ದು ಅದು ವಾರಗಟ್ಟಲೆ ಹೋಗದಿದ್ದರೆ ನಿಮಗೆ ಬೇಕಾದದ್ದು ಲಕ್ಷಣವಿಲ್ಲದವರಿಗಾಗಿ ಇರುವ ತಪಾಸಣೆಯೂ ಅಲ್ಲ, ರೋಗನಿರ್ಣಯ; ವೈದ್ಯರಲ್ಲಿಗೆ ನಡೆಯಿರಿ.

ಪ್ರಶ್ನೆ: ನಾನು ತಂತ್ರಾಂಶ ರೂಪಿಸುವವನು. ಶ್ವಾಸಕೋಶ ತಪಾಸಣೆಗಾಗಿ ಮಹಿಳೆಯರಿಗೆ ನಾವು ಕಳಿಸುವ ಸಂದೇಶವನ್ನು ತುಂಬಾ ಜನ ತೆರೆದು ನೋಡುತ್ತಾರೆ, ಸ್ಕ್ಯಾನಿಗೆ ಬರುವವರು ಮಾತ್ರ ಬೆರಳೆಣಿಕೆಯಷ್ಟು. ನಮ್ಮ ಸಂದೇಶ ಹೀಗಿದೆ: 'ಶ್ವಾಸಕೋಶದ ಕ್ಯಾನ್ಸರ್ ಮಾರಣಾಂತಿಕ! ಧೂಮಪಾನಿಗಳೇ, ಕೂಡಲೇ ತಪಾಸಣೆಗೆ ಒಳಗಾಗಿ. ಇಲ್ಲಿ ಒತ್ತಿ.' ಎಲ್ಲಿ ತಪ್ಪಿದ್ದೇವೆ?

ಉತ್ತರ: ಮೊದಲ ಪದದಿಂದಲೇ. ಹೆದರಿದವರು ತೆರೆದು ನೋಡುತ್ತಾರೆ, ಆಮೇಲೆ ಮುಚ್ಚಿಡುತ್ತಾರೆ. 'ಧೂಮಪಾನಿಗಳೇ' ಎಂಬ ಸಂಬೋಧನೆ ಬಿಟ್ಟವರನ್ನು ಹೊರಗಿಡುತ್ತದೆ, ಸೇದುವವರನ್ನು ಬಯಲಿಗೆ ನಿಲ್ಲಿಸುತ್ತದೆ. ಗುರುತಿಲ್ಲದ ಕೊಂಡಿಗಳನ್ನು ಒತ್ತಬೇಡಿ, ಮೋಸ ಹೋಗುತ್ತೀರಿ ಎಂದು ಮಕ್ಕಳಿಂದ ದಿನವೂ ಹೇಳಿಸಿಕೊಂಡ ತಾಯಂದಿರಿಗೆ, ಕಳಿಸಿದವರ ಹೆಸರೇ ಇಲ್ಲದೆ 'ಇಲ್ಲಿ ಒತ್ತಿ' ಎಂದರೆ ಅವರು ಒತ್ತದಿರುವುದೇ ಸರಿ.

ನಾನಾದರೆ ಹೀಗೆ ಬರೆದೇನು: 'ನಮಸ್ಕಾರ. ಇದು ನೀವು ಚಿಕಿತ್ಸೆ ಪಡೆಯುವ ಆರೋಗ್ಯ ಕೇಂದ್ರದ ಸಂದೇಶ. 50 ದಾಟಿದ ಮಹಿಳೆಯರಿಗಾಗಿ ಒಂದು ಚಿಕ್ಕ ಪ್ರಶ್ನಾವಳಿ ಇದೆ. ನಿಮ್ಮ ಉತ್ತರಗಳನ್ನು ನಮ್ಮ ದಾದಿ ಮತ್ತು ವೈದ್ಯರು ಮಾತ್ರ ನೋಡುತ್ತಾರೆ. ಮಾತಾಡುವುದೇ ಅನುಕೂಲವಾದರೆ “ಕರೆ” ಎಂದು ಉತ್ತರಿಸಿ, ನಾವೇ ಫೋನ್ ಮಾಡುತ್ತೇವೆ.' ಕೇಂದ್ರದ ಹೆಸರನ್ನು ಸೇರಿಸಿಕೊಳ್ಳಿ. ಓದಲು ತೊಡಕಿರುವವರಿಗೆ ಇದನ್ನೇ ಧ್ವನಿ ಸಂದೇಶವಾಗಿ ಕಳಿಸಿ.

ಆದರೆ ಸಂದೇಶ ತಿದ್ದಿದ ಮಾತ್ರಕ್ಕೆ ಸ್ಕ್ಯಾನುಗಳ ಸಂಖ್ಯೆ ಏರುತ್ತದೆಂದು ನಾನು ನಂಬಿಲ್ಲ. ನಿಮ್ಮ ಕೊಂಡಿಯನ್ನು ಒತ್ತಿದ ಮಹಿಳೆಯ ಬೆನ್ನಿಗೆ ಹೋಗಿ ನೋಡಿ. ಪ್ರಶ್ನಾವಳಿ ತುಂಬಿದಳು, 'ನೀವು ಅರ್ಹರಿರಬಹುದು, ವೈದ್ಯರನ್ನು ಸಂಪರ್ಕಿಸಿ' ಎಂದು ಬಂತು. ಯಾವ ವೈದ್ಯರು, ಯಾವ ಸಂಖ್ಯೆ? ಫೋನ್ ಮಾಡಿದಳು, ಶಿಫಾರಸು ಪತ್ರ ತನ್ನಿ ಎಂದರು. ಪತ್ರ ತಂದಳು, ಸಿಕ್ಕ ಸಮಯ, ಮೊಮ್ಮಗುವನ್ನು ಶಾಲೆಯಿಂದ ಕರೆತರಬೇಕಾದ ಹೊತ್ತು. ಅಲ್ಲಿಗೆ ಮುಗಿಯಿತು. ನಿಮ್ಮ ಅಂಕಿಅಂಶದಲ್ಲಿ ಮಾತ್ರ ಅವಳು 'ತೆರೆದು ನೋಡಿದವಳು' ಎಂದು ಯಶಸ್ಸಿನ ಸಾಲಿನಲ್ಲೇ ನಿಂತಿದ್ದಾಳೆ. ಅಮೆರಿಕದಲ್ಲೇ, 2022ರ ಹೊತ್ತಿಗೂ, ಅರ್ಹರಾದವರಲ್ಲಿ ಐದರಲ್ಲೊಬ್ಬರಿಗಿಂತ ಕಡಿಮೆ ಮಂದಿ ಈ ತಪಾಸಣೆ ಮಾಡಿಸಿಕೊಂಡಿದ್ದರೆ, ಅದು ಸಂದೇಶಗಳ ಕೊರತೆಯಿಂದ ಮಾತ್ರ ಆದದ್ದಲ್ಲ.

ಪ್ರಶ್ನಾವಳಿ ಮುಗಿದ ಪುಟದಲ್ಲೇ ಸಮಯ ಆರಿಸಿಕೊಳ್ಳಲು ಅವಕಾಶ ಕೊಡಿ, ಸಂಜೆಯ ಮತ್ತು ರಜೆಯ ದಿನದ ಹೊತ್ತುಗಳೂ ಅದರಲ್ಲಿರಲಿ. ಅರ್ಧಕ್ಕೆ ನಿಲ್ಲಿಸಿದವರ ಪಟ್ಟಿ ಪ್ರತಿದಿನ ಒಬ್ಬ ದಾದಿಯ ಮೇಜಿಗೆ ಹೋಗಲಿ, ಅವರು ಫೋನ್ ಮಾಡಿ 'ಎಲ್ಲಿ ತೊಡಕಾಯಿತಮ್ಮಾ?' ಎಂದು ಕೇಳಲಿ. ಇದಕ್ಕೆ ತಗಲುವ ಸಂಬಳವನ್ನು ಯೋಜನೆಯಲ್ಲಿ ಸೇರಿಸದೆ ಆ್ಯಪ್ ಒಂದನ್ನೇ ಕೊಂಡುಕೊಳ್ಳುವ ಸಂಸ್ಥೆಗಳನ್ನು ಕಂಡಾಗ ನನಗೆ ಮರುಕವಾಗುತ್ತದೆ. ಇನ್ನು, ಈಗಲೂ ಸೇದುತ್ತಿರುವವರಿಗೆ ಬಿಡಲು ನೆರವನ್ನು ಅದೇ ಸಂಭಾಷಣೆಯಲ್ಲಿ ನೀಡಿ. ಬಿಟ್ಟರೆ ಮಾತ್ರ ಸ್ಕ್ಯಾನ್ ಎಂಬ ಷರತ್ತು ಹಾಕಬೇಡಿ. ಬಂದವರೆಷ್ಟು ಎಂಬುದರ ಜೊತೆಗೆ, ಮರುವರ್ಷ ಮತ್ತೆ ಬಂದವರೆಷ್ಟು ಎಂಬುದನ್ನೂ ಎಣಿಸಿ, ಏಕೆಂದರೆ ಮೊದಲು ಹೇಳಿದ ಅಮೆರಿಕದ ಆ ದೊಡ್ಡ ಪ್ರಯೋಗದಲ್ಲಿ ಲಾಭ ಕಂಡದ್ದು ವರ್ಷಕ್ಕೊಂದರಂತೆ ಮೂರು ಬಾರಿ ಸ್ಕ್ಯಾನ್ ಮಾಡಿದ ಗುಂಪಿನಲ್ಲಿ.

ಪ್ರಶ್ನೆ: ಮೊದಲ ಸ್ಕ್ಯಾನ್ ಮಾಡಿಸಿಕೊಂಡೆ. ವೈದ್ಯರು ಕರೆಯುವ ಮೊದಲೇ ವರದಿ ಆಸ್ಪತ್ರೆಯ ಪೋರ್ಟಲ್‌ನಲ್ಲಿ ಬಂತು: 'ಬಲ ಶ್ವಾಸಕೋಶದಲ್ಲಿ 6 ಮಿ.ಮೀ. ಘನ ನಾಡ್ಯೂಲ್, ಲಂಗ್-ರ‍್ಯಾಡ್ಸ್ 3.' ರಾತ್ರಿಯಿಡೀ ನಿದ್ದೆಯಿಲ್ಲ. ಮೂರನೆಯ ಹಂತದ ಕ್ಯಾನ್ಸರ್ ಎಂದು ಅರ್ಥವೇ?

ಉತ್ತರ: ಅಲ್ಲ, ಖಂಡಿತ ಅಲ್ಲ. ಅಲ್ಲಿರುವ 3 ಕ್ಯಾನ್ಸರಿನ ಹಂತವಲ್ಲ. ಸ್ಕ್ಯಾನಿನಲ್ಲಿ ಕಂಡದ್ದನ್ನು ಮುಂದೆ ಹೇಗೆ ಗಮನಿಸಬೇಕೆಂದು ಹೇಳುವ ವರ್ಗ. 1 ಅಥವಾ 2 ಎಂದಿದ್ದರೆ ಒಂದು ವರ್ಷದ ನಂತರ ಮಾಮೂಲಿ ತಪಾಸಣೆ. 3 ಎಂದರೆ ಬಹುಶಃ ನಿರಪಾಯದ್ದು, ಆದರೂ ಆರು ತಿಂಗಳಿಗೆ ಮತ್ತೊಮ್ಮೆ ನೋಡೋಣ ಎಂದರ್ಥ. 4 ಎಂದಿದ್ದರೆ ಮಾತ್ರ ಬೇಗನೆ ಮುಂದಿನ ಪರೀಕ್ಷೆಗಳ ಮಾತು ಬರುತ್ತದೆ. ಮೊದಲ ಸ್ಕ್ಯಾನಿನಲ್ಲಿ 6ರಿಂದ 8 ಮಿಲಿಮೀಟರಿನೊಳಗಿನ ಘನ ಗಂಟು ಕಂಡರೆ 3 ಎಂದು ಬರೆಯುತ್ತಾರೆ. ನಾಡ್ಯೂಲ್ ಎಂದರೆ ಚಿಕ್ಕ ಗಂಟು, ಅಷ್ಟೆ. ಎಂದೋ ಬಂದು ವಾಸಿಯಾದ ಸೋಂಕಿನ ಗುರುತೂ ಹಾಗೆಯೇ ಕಾಣುತ್ತದೆ.

ತಪ್ಪು ನಿಮ್ಮದಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಪರೀಕ್ಷೆಯ ವರದಿಗಳು ತಡವಿಲ್ಲದೆ ರೋಗಿಗೆ ದೊರೆಯಬೇಕೆಂಬ ನಿಯಮವೇ ಜಾರಿಯಲ್ಲಿದೆ. ಬೇರೆಡೆಗಳಲ್ಲೂ ಪೋರ್ಟಲ್‌ಗಳು ಅದೇ ದಾರಿ ಹಿಡಿಯುತ್ತಿವೆ. ವರದಿ ನೋಡುವ ಹಕ್ಕು ನಿಮ್ಮದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತಜ್ಞರು ತಜ್ಞರಿಗಾಗಿ ಬರೆದ ಸಾಲನ್ನು, ಪಕ್ಕದಲ್ಲಿ ಎರಡು ವಾಕ್ಯದ ವಿವರಣೆಯಿಲ್ಲದೆ, ನಡುರಾತ್ರಿ ಒಬ್ಬಂಟಿ ಮಹಿಳೆಯ ಫೋನಿಗೆ ಕಳಿಸುವ ವ್ಯವಸ್ಥೆ ಅರೆಬರೆಯದು.

ಈಗ ಎರಡು ಕೆಲಸ ಮಾಡಿ. ನಾಳೆ ಬೆಳಿಗ್ಗೆ ವೈದ್ಯರಿಗೋ ದಾದಿಗೋ ಫೋನ್ ಮಾಡಿ, ವರದಿಯನ್ನು ಓದಿ ವಿವರಿಸಲು ಕೇಳಿ. ಆರು ತಿಂಗಳ ನಂತರದ ಸ್ಕ್ಯಾನಿನ ದಿನಾಂಕವನ್ನು ಅದೇ ಕರೆಯಲ್ಲಿ ಗೊತ್ತುಮಾಡಿಕೊಂಡು, ಒಂದು ವಾರ ಮೊದಲೇ ನೆನಪಿಸುವಂತೆ ನಿಮ್ಮ ಫೋನಿನಲ್ಲೂ, ನಿಮಗೆ ಬೇಕೆನಿಸಿದರೆ ಮಗಳ ಫೋನಿನಲ್ಲೂ, ಗುರುತು ಹಾಕಿಡಿ.